ಹಿಗ್ಗುವ ಬಟ್ಟೆ, ಹಳೆಯ ಯಂತ್ರ

ವ್ಯಾಯಾಮದ ಬಟ್ಟೆಯನ್ನು ಮನೆಯಲ್ಲಿ ಹೊಲಿಯಲಾಗದು, ಅದಕ್ಕೆ ಅಂಚನ್ನು ದಾರದಿಂದ ಸುತ್ತಿ ಹೊಲಿಯುವ ಓವರ್‌ಲಾಕ್ ಯಂತ್ರವೇ ಬೇಕು ಎಂಬ ಮಾತನ್ನು ಬಹಳ ಜನರಿಂದ ಕೇಳಿದ್ದೇನೆ. ರವಿಕೆ, ಚೂಡಿದಾರಗಳನ್ನು ಅಚ್ಚುಕಟ್ಟಾಗಿ ಹೊಲಿಯಬಲ್ಲವರೂ ಹಾಗೆಯೇ ಹೇಳುತ್ತಾರೆ. ನನ್ನ ಲೆಗ್ಗಿಂಗ್ಸ್, ಟೀ ಶರ್ಟು, ಟ್ರ್ಯಾಕ್ ಪ್ಯಾಂಟುಗಳೆಲ್ಲ ಅಮ್ಮನ ಕಾಲದ ಕಪ್ಪು ಯಂತ್ರದಲ್ಲಿ ಹೊಲಿದವು. ಅದು ಕಾಲಿನಿಂದ ತುಳಿಯುವ ಯಂತ್ರ. ನೇರ ಹೊಲಿಗೆಯೊಂದನ್ನು ಬಿಟ್ಟರೆ ಅದಕ್ಕೆ ಬೇರೇನೂ ಬಾರದು. ಆ ಬಟ್ಟೆ ತೊಟ್ಟು ಬೆಳಿಗ್ಗೆ ಸೂರ್ಯನಮಸ್ಕಾರ ಮಾಡುತ್ತೇನೆ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆಯುತ್ತೇನೆ. ಹೊಲಿಗೆ ಬಿಚ್ಚಿಲ್ಲ. ಬಟ್ಟೆಯ ಆಯ್ಕೆ, ಕತ್ತರಿಸುವ ದಿಕ್ಕು, ಸೂಜಿ ಈ ಮೂರು ಸರಿಯಿದ್ದರೆ ಯಂತ್ರ ಯಾವುದಾದರೂ ನಡೆಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಿದ್ಧ ಉಡುಪಿನ ಬಗ್ಗೆ ನನಗಿರುವ ತಕರಾರು ಬೆಲೆಯದಲ್ಲ. ಸೊಂಟಕ್ಕೆ ಸರಿಹೋಗುವ ಪ್ಯಾಂಟು ಮೀನಖಂಡದಲ್ಲಿ ಬಿಗಿಯುತ್ತದೆ. ಮೀನಖಂಡಕ್ಕೆ ಹೊಂದುವುದು ಬಗ್ಗಿದಾಗ ಹಿಂದಿನಿಂದ ಜಾರುತ್ತದೆ. ಮೇಲಂಗಿಯೋ, ಒಂದೋ ಹೊಕ್ಕುಳವರೆಗೆ ನಿಲ್ಲುತ್ತದೆ, ಇಲ್ಲವೇ ಗಂಡಸರ ಟೀ ಶರ್ಟಿನ ಹಾಗೆ ಭುಜದಿಂದ ಇಳಿಬೀಳುತ್ತದೆ. ಅಧೋಮುಖ ಶ್ವಾನಾಸನದಲ್ಲಿ ತಲೆ ಕೆಳಗಾದ ಕೂಡಲೇ ಅಂಗಿ ಮುಖದ ಮೇಲೆ ಬರಬಾರದು, ಬಗ್ಗಿ ಎದ್ದಾಗ ಪ್ಯಾಂಟನ್ನು ಮೇಲೆಳೆದುಕೊಳ್ಳಬೇಕಾಗಬಾರದು. ಇಷ್ಟನ್ನೇ ನಾನು ಕೇಳಿದ್ದು. ನಲವತ್ತು ದಾಟಿದ ಹೆಂಗಸರು ವ್ಯಾಯಾಮಕ್ಕೆ ಹಿಂದೇಟು ಹಾಕುವುದಕ್ಕೆ ಎಷ್ಟೋ ಸಲ ಈ ಬಟ್ಟೆಯ ಮುಜುಗರವೇ ಕಾರಣ ಎಂದು ನನಗೆ ಗೊತ್ತು.

ಮೊದಲು ಬಟ್ಟೆಯ ಮಾತು. ನಾವು ರವಿಕೆಗೆ ಬಳಸುವುದು ನೇಯ್ದ ಬಟ್ಟೆ. ವ್ಯಾಯಾಮದ ಉಡುಪಿಗೆ ಬೇಕಾದದ್ದು ಹೆಣೆದ ಬಟ್ಟೆ. ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಂಡಿರುತ್ತದೆ. ಆ ಕುಣಿಕೆಗಳಿಂದ ಸ್ವಲ್ಪ ಹಿಗ್ಗು ತಾನಾಗಿಯೇ ಬರುತ್ತದೆ. ಹಿಗ್ಗಿದ್ದು ಮತ್ತೆ ಮೊದಲಿನಂತಾಗಬೇಕಾದರೆ ಅದರೊಳಗೆ ಲೈಕ್ರಾ ಇರಬೇಕು. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ ರೂಪಿಸಿದ ನೂಲು ಇದು. ಲೇಬಲ್ಲಿನ ಮೇಲೆ ಸ್ಪ್ಯಾಂಡೆಕ್ಸ್, ಎಲಾಸ್ಟೇನ್ ಎಂದಿದ್ದರೂ ಅದೇ ನೂಲು. ಕಾಟನ್ ಲೈಕ್ರಾದಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ 5ರಿಂದ 8ರಷ್ಟಿರುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನ್ ಬೆರೆತ ಕ್ರೀಡಾ ಬಟ್ಟೆಯಲ್ಲಿ 10ರಿಂದ 20ರವರೆಗೂ ಹೋಗುತ್ತದೆ.

ಅಂಗಡಿಯವರು ಹೇಳುವ ಹೆಸರುಗಳನ್ನು ನಂಬಿ ನಾನು ಬಟ್ಟೆ ಕೊಳ್ಳುವುದಿಲ್ಲ, ಕೈಯಲ್ಲಿ ಪರೀಕ್ಷಿಸಿ ಕೊಳ್ಳುತ್ತೇನೆ. ಅಡ್ಡಗಲಕ್ಕೆ ಹತ್ತು ಸೆಂಟಿಮೀಟರ್ ಬಟ್ಟೆಯನ್ನು ಎರಡು ಕೈಗಳ ನಡುವೆ ಹಿಡಿದು ಎಳೆಯಬೇಕು. ಹೆಚ್ಚು ಬಲ ಹಾಕದೆ ಹದಿನೈದರವರೆಗೆ ಬಂದರೆ ಲೆಗ್ಗಿಂಗ್ಸ್‌ಗೆ ಆಗುತ್ತದೆ. ಹಾಗೆಯೇ ಕೆಲವು ಕ್ಷಣ ಹಿಡಿದು ಬಿಡಬೇಕು. ಮತ್ತೆ ಹತ್ತಕ್ಕೇ ಮರಳಬೇಕು. ಹನ್ನೊಂದರಲ್ಲಿ ನಿಂತರೆ ಆ ಬಟ್ಟೆ ಮಂಡಿಯಲ್ಲಿ ಜೋಲುವುದು ಖಚಿತ, ಬಣ್ಣ ಎಷ್ಟೇ ಚೆನ್ನಾಗಿರಲಿ ಬೇಡ. ಆಮೇಲೆ ಒಂದು ಪದರವನ್ನು ಮುಷ್ಟಿಯ ಮೇಲೆ ಬಿಗಿಯಾಗಿ ಎಳೆದು ಅಂಗಡಿಯ ಬಾಗಿಲ ಬೆಳಕಿನಲ್ಲಿ ನೋಡಬೇಕು. ಗೆಣ್ಣುಗಳ ಚರ್ಮದ ಬಣ್ಣ ಕಂಡರೆ, ಕುಕ್ಕರುಗಾಲಲ್ಲಿ ಕುಳಿತಾಗ ಮೈಯೂ ಕಾಣುತ್ತದೆ ಎಂದೇ ಅರ್ಥ. ತಿಳಿ ಬಣ್ಣಗಳಲ್ಲಿ ಈ ಅಪಾಯ ಹೆಚ್ಚು. ಲೆಗ್ಗಿಂಗ್ಸ್‌ಗೆ 220ರಿಂದ 280 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ತೂಗುವ ಗ್ರಾಂ), ಮೇಲಂಗಿಗೆ 160ರಿಂದ 180 ಜಿಎಸ್‌ಎಂ ನನಗೆ ಒಗ್ಗಿದೆ.

ಈ ಬಟ್ಟೆಯ ದೊಡ್ಡ ಊರು ತಮಿಳುನಾಡಿನ ತಿರುಪ್ಪೂರು. ನಾನು ಮೈಸೂರಿನಲ್ಲಿಯೇ ಚಿಲ್ಲರೆಯಾಗಿ ತರುತ್ತೇನೆ, ಹೆಚ್ಚು ಬೇಕಾದಾಗ ಬೆಂಗಳೂರಿನ ಚಿಕ್ಕಪೇಟೆಗೆ ಹೋಗುತ್ತೇನೆ. ಸಗಟು ಅಂಗಡಿಗಳಲ್ಲಿ ಹೆಣೆದ ಬಟ್ಟೆಯನ್ನು ಮೀಟರಿನ ಬದಲು ಕಿಲೋ ಲೆಕ್ಕದಲ್ಲಿ ಮಾರುವುದುಂಟು. ಆಗ ಲೆಕ್ಕ ಹೀಗೆ: ಒಂದೂವರೆ ಮೀಟರ್ ಅಗಲದ, 240 ಜಿಎಸ್‌ಎಂ ಬಟ್ಟೆ ಮೀಟರಿಗೆ 360 ಗ್ರಾಂ ತೂಗುತ್ತದೆ, ಅಂದರೆ ಕಿಲೋಗೆ ಸುಮಾರು ಎರಡೂ ಮುಕ್ಕಾಲು ಮೀಟರ್. ಒಂದು ಲೆಗ್ಗಿಂಗ್ಸ್‌ಗೆ ಒಂದೂಕಾಲು ಮೀಟರ್ ಸಾಕಾದ್ದರಿಂದ ಕಿಲೋಗೆ ಎರಡು ಆಗುತ್ತವೆ.

ಹತ್ತಿಯೋ ಪಾಲಿಯೆಸ್ಟರೋ ಎಂದು ಕೇಳುವವರಿಗೆ ನಾನು ಊರು ಯಾವುದು ಎಂದು ಕೇಳುತ್ತೇನೆ. ಮೈಸೂರಿನ ಬೆಳಗಿನ ತಂಪಿನಲ್ಲಿ ಯೋಗಕ್ಕೆ ಕಾಟನ್ ಲೈಕ್ರಾದಷ್ಟು ಹಿತವಾದದ್ದು ಇನ್ನೊಂದಿಲ್ಲ. ಮಂಗಳೂರಿನಲ್ಲಿರುವ ನನ್ನ ನಾದಿನಿಗೆ ಅದನ್ನೇ ಹೊಲಿದು ಕೊಟ್ಟರೆ ಬೆವರು ಹೀರಿ ಭಾರವಾಗಿ ಮೈಗೆ ಅಂಟಿಕೊಳ್ಳುತ್ತದೆ, ಮಳೆಗಾಲದಲ್ಲಿ ಒಣಗುವುದೂ ಇಲ್ಲ. ಅವಳಿಗೆ ಪಾಲಿಯೆಸ್ಟರ್ ಬೆರೆತದ್ದೇ ಸರಿ. ಓಡುವವರಿಗೂ ಅಷ್ಟೇ.

ತಂದ ಬಟ್ಟೆಯನ್ನು ಮೊದಲು ಒಗೆದು ನೆರಳಿನಲ್ಲಿ ಒಣಗಿಸುತ್ತೇನೆ. ಹತ್ತಿ ಬೆರೆತದ್ದಾದರೆ ಇದನ್ನು ಬಿಡುವಂತೆಯೇ ಇಲ್ಲ, ಕುಗ್ಗುವುದೆಲ್ಲ ಕತ್ತರಿ ಹಾಕುವ ಮುನ್ನವೇ ಕುಗ್ಗಲಿ. ಆಮೇಲೆ ನೆಲದ ಮೇಲೆ ಹಾಸಿ ಕತ್ತರಿಸುತ್ತೇನೆ. ಮೇಜಿನಿಂದ ಒಂದು ತುದಿ ಜೋತುಬಿದ್ದರೆ ಅದರ ಭಾರಕ್ಕೆ ಉಳಿದದ್ದು ಹಿಗ್ಗಿ, ಕತ್ತರಿಸಿದ ಮೇಲೆ ಅಳತೆ ಕಡಿಮೆಯಾಗುತ್ತದೆ. ಹೆಚ್ಚು ಹಿಗ್ಗುವ ದಿಕ್ಕು ಸದಾ ಮೈಯ ಸುತ್ತ ಬರಬೇಕು. ಬಟ್ಟೆ ಉಳಿಸಲೆಂದು ತುಂಡನ್ನು ಅಡ್ಡ ತಿರುಗಿಸಿ ಕತ್ತರಿಸಿದರೆ ಆ ಪ್ಯಾಂಟು ತೊಡೆಯ ಮೇಲೆ ಹತ್ತುವುದಿಲ್ಲ.

ಲೆಗ್ಗಿಂಗ್ಸ್‌ನಿಂದಲೇ ಆರಂಭಿಸಿ ಎಂದು ನಾನು ಹೇಳುವುದು ಕೇಳಿ ಕೆಲವರಿಗೆ ಆಶ್ಚರ್ಯವಾಗುತ್ತದೆ. ಅದು ನೋಡಲು ಕಷ್ಟವೆನಿಸಿದರೂ ಇರುವುದು ಎರಡೇ ತುಂಡು. ಪಕ್ಕದ ಹೊಲಿಗೆಯೇ ಇಲ್ಲ. ಸೊಂಟ, ಸೀಟು (ಪೃಷ್ಠದ ಭಾಗ), ತೊಡೆ, ಮಂಡಿ, ಮೀನಖಂಡ, ಪಾದದ ಮೇಲಿನ ಸುತ್ತಳತೆಗಳನ್ನು ತೆಗೆದುಕೊಂಡು, ಪ್ರತಿಯೊಂದರಲ್ಲೂ ಹತ್ತನೇ ಒಂದು ಪಾಲು ಕಳೆಯಬೇಕು. ಸೀಟು 40 ಇಂಚಾದರೆ 36; ಒಂದೊಂದು ಕಾಲಿನ ತುಂಡಿಗೆ 18, ಅದರ ಮೇಲೆ ಹೊಲಿಗೆಗೆ ಬಿಡುವುದು. ರವಿಕೆಗೆ ಯಾವಾಗಲೂ ಸ್ವಲ್ಪ ಹೆಚ್ಚು ಇಟ್ಟು ರೂಢಿಯಾದ ಕೈಗೆ ಮೈಗಿಂತ ಚಿಕ್ಕದಾಗಿ ಕತ್ತರಿಸಲು ಧೈರ್ಯ ಸಾಲದು. ಆದರೆ ಅಳತೆಗೆ ಸರಿಯಾಗಿ ಕತ್ತರಿಸಿದರೆ ಅದು ಜಾರುವ ಲೆಗ್ಗಿಂಗ್ಸ್ ಆಗುತ್ತದೆ. ಉದ್ದದಲ್ಲಿ ಮಾತ್ರ ಏನನ್ನೂ ಕಳೆಯಬಾರದು. ಅಗಲಕ್ಕೆ ಹಿಗ್ಗಿದಾಗ ಬಟ್ಟೆ ಉದ್ದದಲ್ಲಿ ತುಸು ಮೇಲೇರುತ್ತದೆ.

ತೊಡೆಸಂದಿಯ ಕಮಾನು ಮುಂದೆ ಸುಮಾರು ಒಂದೂವರೆ ಇಂಚು ಚಾಚಿದರೆ ಹಿಂದೆ ಅದರ ಎರಡರಷ್ಟು ಚಾಚಬೇಕು. ಹಿಂದಿನ ಸೊಂಟದ ಗೆರೆ ಮುಂದಿನದಕ್ಕಿಂತ ಎರಡು ಇಂಚಾದರೂ ಮೇಲಿರಬೇಕು. ಬಗ್ಗಿದಾಗ ಜಾರುವ ಸಿದ್ಧ ಉಡುಪುಗಳಲ್ಲಿ ಹೆಚ್ಚಾಗಿ ಕೊರತೆ ಬಿದ್ದಿರುವುದು ಈ ಎರಡು ಇಂಚೇ. ನಾಲ್ಕು ಹೊಲಿಗೆಗಳು ತೊಡೆಸಂದಿಯಲ್ಲಿ ಒಂದೇ ಬಿಂದುವಿನಲ್ಲಿ ಸೇರಿದರೆ ಅಲ್ಲಿ ಉಜ್ಜುತ್ತದೆ, ಮೊದಲು ಬಿಚ್ಚುವುದೂ ಅಲ್ಲೇ. ಅದಕ್ಕೆ ಗಾಳಿಪಟದ ಆಕಾರದ ಒಂದು ಪುಟ್ಟ ತುಂಡನ್ನು ನಡುವೆ ಕೂಡಿಸುತ್ತೇನೆ. ಹೊಲಿಗೆಗಳು ಚದುರಿ, ಕಾಲು ಅಗಲಿಸಲು ಸಲೀಸಾಗುತ್ತದೆ.

ಇನ್ನು ಸೂಜಿ. ಸಾಮಾನ್ಯ ಸೂಜಿಯ ಚೂಪು ತುದಿ ಕುಣಿಕೆಯನ್ನೇ ಚುಚ್ಚಿ ಕತ್ತರಿಸುತ್ತದೆ. ಒಗೆದಂತೆಲ್ಲ ಅಲ್ಲಿ ಸಣ್ಣ ತೂತುಗಳು ಕಾಣಿಸಿಕೊಳ್ಳುತ್ತವೆ. ಬಾಲ್‌ಪಾಯಿಂಟ್ ಸೂಜಿಯ ತುದಿ ತುಸು ದುಂಡಗಿರುವುದರಿಂದ ಕುಣಿಕೆಯನ್ನು ಪಕ್ಕಕ್ಕೆ ಸರಿಸಿ ಒಳಗಿಳಿಯುತ್ತದೆ. ಲೈಕ್ರಾ ಹೆಚ್ಚಿರುವ ಬಟ್ಟೆಗೆ ಸ್ಟ್ರೆಚ್ ಸೂಜಿ ಎಂದೇ ಸಿಗುತ್ತದೆ. ತೆಳು ಬಟ್ಟೆಗೆ 75/11 ಗಾತ್ರದ ಸೂಜಿ, ದಪ್ಪಕ್ಕೆ 90/14. ಮನೆಯ ಯಂತ್ರದ ಸೂಜಿಯ ಕಾಂಡ ಒಂದು ಬದಿ ಚಪ್ಪಟೆ, ಕಾರ್ಖಾನೆಯ ಯಂತ್ರದ್ದು ದುಂಡು. ಹಳೆಯ ಸೂಜಿಯನ್ನು ಅಂಗಡಿಗೆ ಒಯ್ದು ತೋರಿಸಿ ತರುವುದೇ ಕ್ಷೇಮ. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆ, ಯಂತ್ರ ಕೆಟ್ಟಿದೆ ಎಂದು ರಿಪೇರಿಗೆ ಕೊಡಲು ಹೊರಟವರಿಗೆಲ್ಲ ಮೊದಲು ಸೂಜಿ ಬದಲಿಸಿ ಎನ್ನುತ್ತೇನೆ. ಸೂಜಿ ಮೇಲೇಳುವಾಗ ಹಿಗ್ಗುವ ಬಟ್ಟೆಯೂ ಅದರ ಜೊತೆ ಮೇಲೇಳುತ್ತದೆ, ಆಗ ದಾರದ ಕುಣಿಕೆ ಸರಿಯಾಗಿ ಮೂಡದೆ ಕೆಳಗಿನ ಕೊಕ್ಕೆಗೆ ಸಿಗುವುದಿಲ್ಲ. ಅಷ್ಟೇ ಸಂಗತಿ.

ನೇರ ಹೊಲಿಗೆಯಲ್ಲಿ ಹಿಗ್ಗುವ ಬಟ್ಟೆ ಹೊಲಿಯುವ ಗುಟ್ಟೆಂದರೆ ಹೊಲಿಗೆಯೊಳಗೆ ಹೆಚ್ಚು ದಾರ ತುಂಬುವುದು. ಪಾಲಿಯೆಸ್ಟರ್ ದಾರ ಹಾಕಿ, ಹೊಲಿಗೆಯ ಉದ್ದವನ್ನು ಎರಡು ಮಿಲಿಮೀಟರಿಗೆ ಇಳಿಸಿ, ಮೇಲಿನ ದಾರದ ಬಿಗಿಯನ್ನು ತುಸು ಸಡಿಲಿಸುತ್ತೇನೆ. ಯಂತ್ರದ ತಲೆಯ ಮೇಲಿರುವ ತಿರುಪನ್ನು ಸ್ವಲ್ಪ ಬಿಚ್ಚಿ, ಬಟ್ಟೆಯನ್ನು ಒತ್ತಿಹಿಡಿಯುವ ಯಂತ್ರದ ಪಾದದ ಒತ್ತಡವನ್ನೂ ಕಡಿಮೆ ಮಾಡುತ್ತೇನೆ. ಇಲ್ಲದಿದ್ದರೆ ಹೊಲಿಗೆ ಅಲೆ ಅಲೆಯಾಗುತ್ತದೆ. ಹೊಲಿಯುವಾಗ ಒಂದು ಕೈ ಸೂಜಿಯ ಮುಂದೆ, ಇನ್ನೊಂದು ಹಿಂದೆ. ಎರಡೂ ಕೈ ಬಟ್ಟೆಯನ್ನು ಸಮನಾಗಿ, ಹಗುರವಾಗಿ ಬಿಗಿಹಿಡಿದಿರಬೇಕು. ಮುಂದಕ್ಕೆ ಒಯ್ಯುವುದು ಯಂತ್ರದ ಕೆಲಸ. ಹಿಂದಿನ ಕೈ ಎಳೆಯತೊಡಗಿದರೆ ಸೂಜಿ ಬಾಗಿ ಮುರಿಯುತ್ತದೆ. ತುಂಡು ಬಟ್ಟೆಯ ಮೇಲೆ ಹೊಲಿದು, ಹೊಲಿಗೆಯ ಉದ್ದಕ್ಕೂ ಪೂರ್ತಿ ಎಳೆದು ನೋಡುತ್ತೇನೆ. ದಾರ ಟಪ್ಪೆಂದು ಕಡಿದರೆ ಹೊಲಿಗೆಯನ್ನು ಇನ್ನೂ ಚಿಕ್ಕದು, ಇನ್ನೂ ಸಡಿಲು ಮಾಡಬೇಕು. ಕಡಿಯದಿದ್ದರೆ ಮಾತ್ರ ಪ್ಯಾಂಟಿಗೆ ಕೈಹಾಕುವುದು. ತೊಡೆಸಂದಿಯಲ್ಲಿ ಒತ್ತೊತ್ತಾಗಿ ಎರಡು ಸಾಲು ಹೊಲಿಯುತ್ತೇನೆ.

ಅಂಚು ಓವರ್‌ಲಾಕ್ ಆಗಬೇಡವೇ? ಬೇಡ. ನೇಯ್ದ ಬಟ್ಟೆಯಂತೆ ಇದರ ಎಳೆ ಬಿಚ್ಚಿಕೊಳ್ಳುವುದಿಲ್ಲ. ನೋಟಕ್ಕೆ ಚೆಂದವಾಗಿರಲಿ ಎನಿಸಿದರೆ ಸೀರೆಗೆ ಫಾಲ್, ಜಿಗ್‌ಜಾಗ್ ಮಾಡಿಕೊಡುವ ಬೀದಿಯಂಗಡಿಗೆ ಒಯ್ಯಬಹುದು. ಅವರ ಜಿಗ್‌ಜಾಗ್ ಹೊಲಿಗೆ ಬಟ್ಟೆಯ ಜೊತೆಗೇ ಹಿಗ್ಗುತ್ತದೆ, ಸೊಂಟದ ಎಲಾಸ್ಟಿಕ್ ಕೂಡಿಸಲು ಅದೇ ಮೇಲು. ಮನೆಯ ಯಂತ್ರದಲ್ಲಿಯೇ ಜಿಗ್‌ಜಾಗ್ ಇರುವವರು ಅಗಲ ಒಂದು, ಉದ್ದ ಎರಡೂವರೆ ಮಿಲಿಮೀಟರಿಗೆ ಇಟ್ಟು ಹೊಲಿದರೆ ನಾನು ಹೇಳಿದ ಕೈಚಳಕವೂ ಬೇಡ.

ಮೇಲಂಗಿಯಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಕಂಕುಳಿನ ಬಗ್ಗೆ. ಕೈ ಆರಾಮವಾಗಿ ಆಡಲಿ ಎಂದು ಕಂಕುಳನ್ನು ಆಳವಾಗಿ ಕತ್ತರಿಸುವವರೇ ಹೆಚ್ಚು. ಪರಿಣಾಮ ತದ್ವಿರುದ್ಧ. ಕಂಕುಳು ಕೆಳಗಿಳಿದಷ್ಟೂ ತೋಳು ಅಂಗಿಯ ಪಕ್ಕವನ್ನು ಹಿಡಿದುಕೊಳ್ಳುತ್ತದೆ. ಕೈ ಮೇಲೆತ್ತಿದ ಕೂಡಲೇ ಇಡೀ ಅಂಗಿ ಹೊಟ್ಟೆ ಕಾಣುವಂತೆ ಮೇಲೇರುತ್ತದೆ. ಕಂಕುಳು ಮೈಗೆ ಹತ್ತಿರ, ಎತ್ತರದಲ್ಲಿದ್ದರೆ ತೋಳು ಮಾತ್ರ ಆಡುತ್ತದೆ, ಅಂಗಿ ಅಲ್ಲಾಡುವುದಿಲ್ಲ. ಇದು ನಮ್ಮ ರವಿಕೆಯವರಿಗೆ ಹೊಸ ವಿದ್ಯೆಯಲ್ಲ. ಒಳ್ಳೆಯ ಟೈಲರ್ ಹೊಲಿದ ಬಿಗಿ ರವಿಕೆ ತೊಟ್ಟು ನಮ್ಮ ಅಜ್ಜಿಯರು ಬಾವಿಯಿಂದ ನೀರು ಸೇದಿದ್ದಾರೆ, ಅಟ್ಟದ ಮೇಲಿಂದ ಪಾತ್ರೆ ಇಳಿಸಿದ್ದಾರೆ. ನೇಯ್ದ ಬಟ್ಟೆಯಲ್ಲಿ, ಚೂರೂ ಹಿಗ್ಗದೆ, ಅದು ಸಾಧ್ಯವಾದದ್ದು ಕಂಕುಳಿನ ಕತ್ತರಿಯಿಂದ. ನನ್ನ ಟೀ ಶರ್ಟಿನ ಕಂಕುಳನ್ನು ನನ್ನ ರವಿಕೆಯ ಅಳತೆಯಿಂದಲೇ ತೆಗೆದಿದ್ದೇನೆ, ಅರ್ಧ ಇಂಚು ಮಾತ್ರ ಹೆಚ್ಚು.

ಅಂಗಿಯ ಉದ್ದ ಸೀಟು ಮುಚ್ಚುವಷ್ಟು. ಕೆಳ ಅಂಚಿಗೆ ಮೂರು ಇಂಚು ಅಗಲದ ಜೋಡಿ ಪಟ್ಟಿಯನ್ನು ಸೀಟಿನ ಅಳತೆಗಿಂತ ಕಡಿಮೆ ಸುತ್ತಳತೆಯಲ್ಲಿ ಕೂಡಿಸಿದರೆ ತಲೆ ಕೆಳಗಾದರೂ ಅಂಗಿ ಅಲ್ಲೇ ನಿಲ್ಲುತ್ತದೆ. ಕತ್ತಿನ ಪಟ್ಟಿ ಅಂಗಿಯ ಕತ್ತಿನ ಸುತ್ತಳತೆಯ ನೂರಕ್ಕೆ 85ರಷ್ಟು. ಇಪ್ಪತ್ತು ಇಂಚಿಗೆ ಹದಿನೇಳು. ಸ್ಪೋರ್ಟ್ಸ್ ಬ್ರಾ ಮಾತ್ರ ಕೊಂಡೇ ತರುತ್ತೇನೆ. ಅದರ ಆಧಾರಕ್ಕೆ ಬೇಕಾದ ಬಿಗಿಯಾದ ಜಾಲರಿ ಬಟ್ಟೆ ಚಿಲ್ಲರೆಯಲ್ಲಿ ನನಗೆ ಒಳ್ಳೆಯದು ಸಿಕ್ಕಿಲ್ಲ, ಮೈಗೆ ಆಧಾರ ಕೊಡಬೇಕಾದ ಉಡುಪಿನಲ್ಲಿ ರಾಜಿಗೆ ನಾನು ಸಿದ್ಧಳಿಲ್ಲ.

ನನ್ನದನ್ನು ನೋಡಿದ ಅತ್ತೆ ತಮಗೂ ಒಂದು ಬೇಕೆಂದರು. ಸೀರೆಯುಟ್ಟು ಬೂಟು ಹಾಕಿಕೊಂಡು ನಡೆಯುತ್ತಿದ್ದವರು ಅವರು. "ಮೈಗೆ ಅಂಟುವುದು ಬೇಡಮ್ಮ, ಲಾಡಿ ಇರಲಿ. ಜೇಬು ಆಳವಾಗಿರಲಿ, ಮೊಬೈಲು ಕೈಯಲ್ಲಿ ಹಿಡಿದು ಕೈ ಬೀಸಿ ನಡೆಯುವುದು ಹೇಗೆ?" ಎಂದರು. ಅವರಿಗೆ ಕಾಟನ್ ಲೈಕ್ರಾದಲ್ಲಿ ಮೈಯ ಅಳತೆಗಿಂತ ಎರಡು ಇಂಚು ಹೆಚ್ಚಿಟ್ಟು ನೇರ ಪ್ಯಾಂಟು ಹೊಲಿದೆ. ಸೊಂಟದಲ್ಲಿ ಎಲಾಸ್ಟಿಕ್ ಜೊತೆಗೆ ಲಾಡಿ. ಜೇಬಿನ ಬಾಯಿಗೆ ಒಳಗಿನಿಂದ ಹಿಗ್ಗದ ಕಾಟನ್ ಪಟ್ಟಿ ಕೂಡಿಸಿದ್ದೇನೆ, ಇಲ್ಲದಿದ್ದರೆ ಮೊಬೈಲಿನ ಭಾರಕ್ಕೆ ಅದು ಜೋಲುತ್ತದೆ. ಅದರ ಮೇಲೆ ಮಂಡಿವರೆಗಿನ ಕುರ್ತಾ ತೊಟ್ಟು ಅತ್ತೆ ಈಗ ನನಗಿಂತ ಮುಂದೆ ನಡೆಯುತ್ತಾರೆ.

ಒಗೆಯುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬಿಸಿನೀರು, ಕ್ಲೋರಿನ್ ಬ್ಲೀಚು, ಬಿಸಿ ಇಸ್ತ್ರಿ ಇವೆಲ್ಲ ಲೈಕ್ರಾವನ್ನು ಕೊಲ್ಲುತ್ತವೆ. ಫ್ಯಾಬ್ರಿಕ್ ಸಾಫ್ಟ್‌ನರ್ ನೂಲಿನ ಮೇಲೆ ಲೇಪವಾಗಿ ಕುಳಿತು ಬೆವರು ಹರಡಿ ಆರುವುದನ್ನು ತಡೆಯುತ್ತದೆ. ವ್ಯಾಯಾಮ ಮುಗಿದ ಕೂಡಲೇ ತಣ್ಣೀರಿನಲ್ಲಿ ಜಾಲಿಸಿ, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಹರವಬೇಕು. ಬೆವರಿನ ಬಟ್ಟೆಯನ್ನು ಬುಟ್ಟಿಯಲ್ಲಿ ಮುದ್ದೆ ಮಾಡಿಟ್ಟರೆ ಪಾಲಿಯೆಸ್ಟರಿಗೆ ಹಿಡಿದ ವಾಸನೆ ಸುಲಭಕ್ಕೆ ಹೋಗದು. ಮಂಡಿಯಲ್ಲಿ ಬಟ್ಟೆ ಜೋಲತೊಡಗಿದರೆ ಅದರ ಲೈಕ್ರಾ ಸತ್ತಿದೆ ಎಂದು ತಿಳಿದು, ಅದನ್ನು ಹೊಸ ಅಳತೆ ಪರೀಕ್ಷಿಸುವ ಹೊಲಿಗೆಗೆ ತೆಗೆದಿಡುತ್ತೇನೆ. ಕತ್ತರಿಸುವ ಮಾದರಿಯನ್ನು ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದೇನೆ; ಯಾವ ಬಟ್ಟೆಗೆ ಎಷ್ಟು ಕಳೆದೆ ಎಂಬುದನ್ನೂ ಪಕ್ಕದಲ್ಲೇ ಗುರುತು ಹಾಕಿದ್ದೇನೆ. ಒಂದೊಂದು ಬಟ್ಟೆಯ ಹಿಗ್ಗು ಒಂದೊಂದು ಥರ ಇರುವುದರಿಂದ, ಮಾದರಿಗಿಂತ ಆ ಗುರುತುಗಳೇ ನನಗೆ ಹೆಚ್ಚು ಉಪಯೋಗಕ್ಕೆ ಬರುತ್ತಿವೆ.