ತೋಟದ ಜೀಪಿಗೆ ಶಾಕ್ ಆರಿಸಿದ್ದು: ನನ್ನ ಅನುಭವ

ಎರಡನೆಯ ಮಳೆಗಾಲವೂ ಮುಗಿಯಿತು, ಜೀಪಿನ ನಾಲ್ಕು ಶಾಕ್ ಅಬ್ಸಾರ್ಬರ್‌ಗಳಲ್ಲಿ (ಗಾಡಿಯ ಕುಣಿತ ತಡೆಯುವ, ಎಣ್ಣೆ ತುಂಬಿದ ಕೊಳವೆಗಳು) ಒಂದೂ ಎಣ್ಣೆ ಕಾರಿಲ್ಲ. "ಇದು ದೀಪಾವಳಿ ಕಾಣುವುದಿಲ್ಲ" ಎಂದು ಶಿರಸಿಯ ಗ್ಯಾರೇಜಿನಲ್ಲಿ ನಕ್ಕವರೇ ಈಗ ಅಳತೆ ಕೇಳಿಕೊಂಡು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಮೇಲು.

ಗಾಡಿ ಹಳೆಯ ಮಹೀಂದ್ರ ಎಂಎಂ 540, ಫೋರ್ ವೀಲ್. ಮುಂದೆ ಹಿಂದೆ ಎರಡೂ ಕಡೆ ಪ್ಲೇಟು, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟದಿಂದ ದರಕು (ಒಣ ಎಲೆ) ಹೇರುತ್ತದೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗದ ಔಷಧಿಗೆ ಬೇಕಾದ ಮೈಲುತುತ್ತ, ಸುಣ್ಣ, ನೀರಿನ ಡ್ರಮ್ಮು ಹೊತ್ತು ತೋಟದ ತಲೆಯವರೆಗೆ ಹೋಗುತ್ತದೆ. ಕೊನೆಕೊಯ್ಲಿನ ನಂತರ ಅಡಿಕೆ ಚೀಲ ಹೇರಿಕೊಂಡು ಶಿರಸಿಗೆ. ಮನೆಯಿಂದ ಡಾಂಬರಿಗೆ ಮೂರು ಕಿಲೋಮೀಟರಿನ ಆಸುಪಾಸು, ಅಷ್ಟೂ ಎದ್ದು ನಿಂತ ಚಿರೆಕಲ್ಲು, ನಡುವೆ ಒಂದು ಹಳ್ಳ. ಆಗಾಗ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೂ ಹೋಗುವುದುಂಟು. ಇಂದು ಖಾಲಿ ಗಾಡಿ, ನಾಳೆ ಬೆನ್ನ ಮೇಲೆ ನಾಲ್ಕು ಕ್ವಿಂಟಲ್. ಶಾಕ್ ಆರಿಸುವ ತಲೆನೋವೆಲ್ಲ ಇಲ್ಲಿಂದಲೇ ಶುರು.

ಹಿಂಬದಿಯ ಜೋಡಿ ಪ್ರತಿ ವರ್ಷ ನವರಾತ್ರಿಯ ಹೊತ್ತಿಗೆ ಸೋರುತ್ತಿತ್ತು. ಗ್ಯಾರೇಜಿನವರ ತೀರ್ಪು ಒಂದೇ: "ಹೆಗಡೆಯವರೇ, ನಿಮ್ಮ ರಸ್ತೆಗೆ ಯಾವ ಶಾಕೂ ತಡೆಯುವುದಿಲ್ಲ. ಇನ್ನೂ ಹೆವಿಯದು ಹಾಕಿ." ಹೆವಿಯದು ಹಾಕಿದೆವು. ಖಾಲಿ ಗಾಡಿಯಲ್ಲಿ ಸೊಂಟ ಮುರಿಯುವಂತಾಯಿತು, ಸೋರುವುದು ಮಾತ್ರ ಒಂದು ತಿಂಗಳು ಮುಂದಕ್ಕೆ ಹೋಯಿತು. ಬಳಿಕ ಹುಬ್ಬಳ್ಳಿಯಲ್ಲಿ ತೂತು ಕೊರೆದು ಎಣ್ಣೆ ತುಂಬಿ ಬೆಸುಗೆ ಹಾಕಿಕೊಡುವವರ ಬಳಿಗೂ ಹೋದೆ, ಒಂದಕ್ಕೆ ಮುನ್ನೂರೈವತ್ತೋ ನಾನೂರೋ. ದಪ್ಪ ಎಣ್ಣೆ ತುಂಬಿಸಿದ್ದರು. ತಣ್ಣಗಿದ್ದಾಗ ಕಬ್ಬಿಣದ ಸರಳು, ಘಟ್ಟ ಇಳಿದು ಬಿಸಿಯಾದ ಮೇಲೆ ಗಾಳಿ ಪಂಪು. ಹೀಗೆ ನಾಲ್ಕೈದು ವರ್ಷಗಳಲ್ಲಿ ಇಪ್ಪತ್ತು ಸಾವಿರದ ಮೇಲೆ ನೀರಿನಲ್ಲಿ ಹೋಮವಾಗಿದೆ.

ನನಗೆ ಅನುಮಾನ ಹುಟ್ಟಿಸಿದ್ದು ಬಿಚ್ಚಿ ಎಸೆದ ಒಂದು ಶಾಕು. ಅದರ ಮೇಲಿನ ಕಿವಿಯ (ಗಾಡಿಯ ಪಿನ್ನಿಗೆ ಸಿಕ್ಕಿಸುವ ಬಳೆ) ಬೆಸುಗೆ ಸುತ್ತಲೂ ಕೂದಲೆಳೆಯಷ್ಟು ಬಿರಿದಿತ್ತು, ಕಿವಿಯೊಳಗಿನ ಬುಷ್ಷಿನ ರಬ್ಬರು ಪಿನ್ನಿನ ಕೆಳಭಾಗದಲ್ಲಿ ಮಾತ್ರ ಕಾಗದದಷ್ಟು ತೆಳ್ಳಗಾಗಿತ್ತು. ಎಣ್ಣೆ ತಡೆಯುವ ಸೀಲು ಸವೆದು ಸತ್ತ ಶಾಕಿಗೆ ಇಂಥ ಗಾಯ ಏಕೆ? ಇದು ಕೆಳಗಿನಿಂದ ಗುದ್ದಿಸಿಕೊಂಡ ಗುರುತು. ಆಕ್ಸಲ್ ಮೇಲೇರಿ ಚಾಸಿಗೆ ಹೊಡೆಯದಂತೆ ತಡೆಯಬೇಕಾದದ್ದು ಬಂಪ್ ಸ್ಟಾಪಿನ ರಬ್ಬರು. ಆ ಕೆಲಸವನ್ನು ಶಾಕಿನ ಒಳಗಿನ ಪಿಸ್ಟನ್ ಮಾಡುತ್ತಿತ್ತು.

ಅಳೆದು ನೋಡಿದೆ. ಹಿಂದಿನ ಎರಡೂ ಶಾಕ್ ಬಿಚ್ಚಿ, ಡ್ರಮ್ಮಿಗೆ ನೀರು ತುಂಬಿ ಹಿಂದೆ ಕೂರಿಸಿ, ಒಂದು ಚಕ್ರವನ್ನು ಚಿರೆಕಲ್ಲಿನ ಅಟ್ಟಿಯ ಮೇಲೆ ಹತ್ತಿಸಿದೆ. ಒಂದು ಕಡೆ ಬಂಪ್ ಸ್ಟಾಪು ಮುಟ್ಟಿತು, ಇನ್ನೊಂದು ಕಡೆ ಚಕ್ರ ಇಳಿಬಿತ್ತು. ಪಿನ್ನಿನಿಂದ ಪಿನ್ನಿಗೆ ಟೇಪು ಹಿಡಿದರೆ ಒಂದೇ ಸಲಕ್ಕೆ ಎರಡೂ ಲೆಕ್ಕ ಸಿಗುತ್ತದೆ. ಶಾಕ್ ಇಲ್ಲದಿರುವಾಗ ಆಕ್ಸಲ್ ಹೆಚ್ಚು ಇಳಿಯುತ್ತದೆ, ಬ್ರೇಕಿನ ಹೋಸ್ ಬಿಗಿಯುತ್ತದೆಯೇ ಎಂದು ಒಬ್ಬರು ಕೆಳಗೆ ಕುಳಿತು ನೋಡುತ್ತಿರಬೇಕು. ನೆನಪಿನ ಮೇಲೆ ಹೇಳುವುದಾದರೆ ರಬ್ಬರು ಮುಟ್ಟಿದಾಗ 12.5 ಇಂಚು, ಚಕ್ರ ಪೂರ್ತಿ ಇಳಿದಾಗ 18ರ ಹತ್ತಿರ. ಓಡುವಾಗ ಗುದ್ದಿದರೆ ರಬ್ಬರು ಇನ್ನೂ ಅರ್ಧ ಇಂಚು ಕುಗ್ಗುತ್ತದೆ, ಆದ್ದರಿಂದ 12 ಎಂದೇ ಹಿಡಿದೆ.

ಹಳೆಯ ಶಾಕನ್ನು ಪೂರ್ತಿ ಒತ್ತಿದಾಗ ಅದರ ಉದ್ದ 13 ಇಂಚು! ರಬ್ಬರು ಮುಟ್ಟುವ ಮೊದಲೇ ಅದು ತಳ ಕಂಡಿರುತ್ತಿತ್ತು. ಗಾಡಿಯ ಹಿಂದಿನ ಮಾಲೀಕ ಎತ್ತರ ಕಾಣಲೆಂದು ಪ್ಲೇಟು ಸೇರಿಸಿ ಉದ್ದ ಶಾಕ್ ಹಾಕಿಸಿದ್ದನಂತೆ. ಪ್ಲೇಟು ಕುಗ್ಗಿತು, ಶಾಕಿನ ಉದ್ದ ಮಾತ್ರ ಹಾಗೆಯೇ ಉಳಿಯಿತು. ಹಳೆಯದನ್ನು ಅಂಗಡಿಯಲ್ಲಿ ತೋರಿಸಿ ಅಂಥದ್ದೇ ಕೊಡು ಎಂದು ಕೇಳುವುದು ನಮ್ಮೆಲ್ಲರ ರೂಢಿ. ತಪ್ಪು ಅಳತೆಯ ಶಾಕು ವರ್ಷ ವರ್ಷವೂ ಹೊಸದಾಗಿ ಬರುತ್ತಿತ್ತು.

ಗ್ಯಾರೇಜಿನಲ್ಲಿ ಹೇಳಿದೆ, ಒಪ್ಪಲಿಲ್ಲ. "ಗಿಡ್ಡ ಶಾಕ್ ಹಾಕಿದರೆ ಹಳ್ಳದಲ್ಲಿ ಚಕ್ರ ನೇತುಬಿದ್ದಾಗ ಕಿತ್ತು ಬರುತ್ತದೆ" ಎಂದರು. ಮಾತಿನಲ್ಲಿ ಹುರುಳಿದೆ. ಒತ್ತಿದಾಗ ಗಿಡ್ಡವಾಗಿರಬೇಕು, ಎಳೆದಾಗ ಉದ್ದ ಸಾಲಬೇಕು. ಮೊದಲು ಖರ್ಚಿಲ್ಲದ ದಾರಿ ನೋಡಿದೆ. ಅಕ್ಕಿ ಗಿರಣಿಯ ಹಳೆಯ ಬೆಲ್ಟಿನ ತುಂಡುಗಳನ್ನು ಚಾಸಿಗೂ ಬಂಪ್ ಸ್ಟಾಪಿಗೂ ನಡುವೆ ಕೊಟ್ಟು ಅದನ್ನು ಒಂದೂವರೆ ಇಂಚು ಇಳಿಸಿದೆ. ಶಾಕ್ ಉಳಿಯಿತು, ಆದರೆ ಹೊರೆ ಹಾಕಿದಾಗ ಚಕ್ರಕ್ಕೆ ಏರಲು ಜಾಗವೇ ಇಲ್ಲದೆ ಪ್ರತಿ ಕಲ್ಲಿಗೂ ಧಡ್ ಎನ್ನತೊಡಗಿತು. ಡ್ರಮ್ಮಿನ ನೀರು ಬೆನ್ನಿಗೆ ಚೆಲ್ಲಿದ್ದೇ ಲಾಭ. ಬೆಲ್ಟು ಕಿತ್ತೆಸೆದೆ.

ನನಗೆ ಬೇಕಾಗಿದ್ದದ್ದು ಒತ್ತಿದಾಗ 11.5, ಎಳೆದಾಗ 18.5 ಇಂಚಿನದು. ಏಳು ಇಂಚಿನ ಓಟ, ಎರಡೂ ತುದಿಗೆ ಅರ್ಧ ಅರ್ಧ ಇಂಚು ಮಿಗತೆ. ಟೇಪು ಜೇಬಿನಲ್ಲಿಟ್ಟುಕೊಂಡು ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಗಳನ್ನು ಸುತ್ತಿದೆ. ಜೀಪಿನ ಹೆಸರನ್ನೇ ಹೇಳಲಿಲ್ಲ, ಹೇಳಿದರೆ ಮತ್ತೆ ಅದೇ ಡಬ್ಬಿ ಇಳಿಸುತ್ತಾರೆ. ಕೊನೆಗೆ ಸಿಕ್ಕಿದ್ದು ಬೇರೆಯೇ ಒಂದು ವಾಹನದ ಶಾಕು, ಎರಡು ಕೊಳವೆಯ ಗ್ಯಾಸ್ ತುಂಬಿದ ಬಗೆ, ಒಂದಕ್ಕೆ ಸಾವಿರದ ಎಂಟುನೂರರ ಆಸುಪಾಸು. ಯಾವ ವಾಹನದ್ದು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಂಗಡಿಯವನು ಬೆಲೆ ಏರಿಸುತ್ತಾನೆ, ನನಗೆ ಇನ್ನೂ ಒಂದು ಜೋಡಿ ಬೇಕಿದೆ. ಕಿವಿಯ ತೂತು ನಮ್ಮ ಪಿನ್ನಿಗಿಂತ ಸ್ವಲ್ಪ ದೊಡ್ಡದು. ಶಿರಸಿಯ ಲೇತಿನಲ್ಲಿ ನಡುವೆ ಕೂರುವ ಸ್ಲೀವ್ ಮಾಡಿಸಿದೆ, ಎಲ್ಲ ಸೇರಿ ನಾನೂರು ರೂಪಾಯಿ. ಮುಂದಿನ ಜೋಡಿಯ ಅಳತೆ ಬೇರೆ, ಲೆಕ್ಕ ಹಾಕುವ ಕ್ರಮ ಅದೇ.

ಕಾರವಾರದ ನನ್ನ ಗೆಳೆಯ ಜಿಪ್ಸಿಗೆ ಒಂದೇ ಕೊಳವೆಯ ಮೊನೊಟ್ಯೂಬ್ ತರಿಸಿಕೊಂಡಿದ್ದಾನೆ, ಒಂದಕ್ಕೆ ಎಂಟು ಸಾವಿರದ ಮೇಲೆ. ನನಗೂ ಅದನ್ನೇ ಹಾಕು ಎಂದು ಪೀಡಿಸಿದ. ಬಿಸಿ ಬೇಗ ಹೊರಹೋಗುತ್ತದೆ, ಎಣ್ಣೆ ನೊರೆಯಾಗುವುದಿಲ್ಲ, ಎಲ್ಲ ನಿಜ. ಆದರೆ ಅದರಲ್ಲಿ ಪಿಸ್ಟನ್ ಓಡುವುದು ಹೊರಗೆ ಕಾಣುವ ಕೊಳವೆಯ ಒಳಗೋಡೆಯ ಮೇಲೆಯೇ. ಒಂದು ಚಿರೆಕಲ್ಲು ಸಿಡಿದು ತಗ್ಗು ಬಿದ್ದರೆ ಪಿಸ್ಟನ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯದರಲ್ಲಿ ಹೊರಗಿನದು ಸ್ವಲ್ಪ ಜಜ್ಜಿದರೂ ಒಳಗಿನದಕ್ಕೆ ತಿಳಿಯುವುದೇ ಇಲ್ಲ. ನನ್ನ ಹಿಂದಿನ ಎಡ ಶಾಕಿನ ಹೊಟ್ಟೆಯಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು ಇದೆ, ಕೆಲಸ ಮಾಡುತ್ತಲೇ ಇದೆ. ಅವನದು ಹೆದ್ದಾರಿ ಮತ್ತು ಕಡಲ ದಂಡೆ. ಅಲ್ಲಿ ಉಪ್ಪುಗಾಳಿಗೆ ಶಾಕಿನಿಂದ ಒಳಗೆ ಹೊರಗೆ ಓಡುವ ರಾಡಿನ ಕ್ರೋಮು ಚುಕ್ಕಿ ಚುಕ್ಕಿಯಾಗಿ ಎದ್ದು ಸೀಲನ್ನು ಕೊಯ್ಯುವುದೇ ದೊಡ್ಡ ಕಾಟ. ಅವನಿಗೆ ರಾಡು ಮುಚ್ಚುವ ರಬ್ಬರಿನ ಬೂಟು ಬೇಕೇ ಬೇಕು. ನನಗೆ ಅದೇ ಬೂಟು ಶತ್ರು, ಒಳಗೆ ಕೆಸರು ಹೊಕ್ಕರೆ ರಾಡನ್ನು ಉಜ್ಜುತ್ತಲೇ ಇರುತ್ತದೆ. ಕತ್ತರಿಸಿ ತೆಗೆದೆ.

ಬೂಟು ಹೋದದ್ದರಿಂದ ಇನ್ನೊಂದು ಅನುಕೂಲವಾಯಿತು. ರಾಡಿಗೆ ಗ್ರೀಸಿನ ತೆಳು ಉಂಗುರ ಎಳೆದು, ಹೊರೆ ಹಾಕಿ ತೋಟದಿಂದ ಡಾಂಬರಿನವರೆಗೆ ಓಡಿಸಿ ಬಂದರೆ, ಶಾಕು ಎಲ್ಲಿಯವರೆಗೆ ಒಳಗೆ ಹೋಗಿತ್ತೆಂದು ಆ ಗ್ರೀಸೇ ತೋರಿಸುತ್ತದೆ. ತಳದಿಂದ ಇನ್ನೂ ಒಂದು ಬೆರಳು ಜಾಗ ಉಳಿದಿತ್ತು. ಗ್ಯಾರೇಜಿನವರನ್ನು ಕರೆದು ತೋರಿಸಿದ್ದು ಇದನ್ನೇ.

ನಡುವೆ ಇನ್ನೊಂದು ಹುಚ್ಚು ಹಿಡಿದಿತ್ತು. ಪ್ಲೇಟುಗಳನ್ನು ಬಿಚ್ಚಿ, ತುಕ್ಕು ತಿಕ್ಕಿ, ನಡುನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿ ಕೂರಿಸಿದೆ. ಸಣ್ಣ ಕಲ್ಲುಗಳ ಮೇಲೆ ಬೆಣ್ಣೆಯಂಥ ಓಟ! ಆದರೆ ಹಳ್ಳದ ದಿಬ್ಬ ಹಾರಿದ ಮೇಲೆ ಗಾಡಿ ಮೂರ್ನಾಲ್ಕು ಸಲ ಕುಣಿಯತೊಡಗಿತು. ಪ್ಲೇಟುಗಳ ತಿಕ್ಕಾಟವೇ ಅರ್ಧ ಶಾಕಿನ ಕೆಲಸ ಮಾಡುತ್ತಿರುತ್ತದೆ, ಅದನ್ನು ನುಣುಪು ಮಾಡಿದರೆ ಆ ಭಾರವೆಲ್ಲ ಶಾಕಿನ ಮೇಲೆ ಬೀಳುತ್ತದೆ. ಈಗ ತುದಿಗಳಿಗೆ ಮಾತ್ರ ಹಚ್ಚುತ್ತೇನೆ. ಎಷ್ಟು ಉದ್ದ ಎಂಬುದು ನನ್ನಲ್ಲೇ ಇರಲಿ.

ಕೂರಿಸುವ ಮುನ್ನ ಶಾಕನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಒತ್ತಿ ಎಳೆಯುವುದನ್ನು ಮರೆಯಬೇಡಿ. ಅಂಗಡಿಯಲ್ಲಿ ಮಲಗಿಸಿಟ್ಟಿರುತ್ತಾರೆ, ಒಳಗೆ ಗಾಳಿ ಎಣ್ಣೆಯೊಂದಿಗೆ ಬೆರೆತಿರುತ್ತದೆ. ಬುಷ್ಷಿನ ನಟ್ಟು ಬಿಗಿಯುವುದು ಚಕ್ರ ನೆಲಕ್ಕಿಳಿದ ಮೇಲೆ. ಘಟ್ಟ ಇಳಿದು ನಿಲ್ಲಿಸಿದ ಕೂಡಲೇ ನಾಲ್ಕನ್ನೂ ಕೈಯಿಂದ ಮುಟ್ಟಿ ನೋಡಿ. ಉಳಿದ ಮೂರು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ ಅದು ಕೆಲಸ ಬಿಟ್ಟಿದೆ ಎಂದೇ ಅರ್ಥ, ಹೊರಗೆ ಎಣ್ಣೆ ಕಾಣದಿದ್ದರೂ.

ಸ್ಟೇರಿಂಗಿನ ನಡುಕವೂ ಹೋಯಿತೇ ಎಂದು ಕೇಳುವವರಿದ್ದಾರೆ. ಹೋಗಲಿಲ್ಲ. ಅದಕ್ಕೂ ಶಾಕಿಗೂ ಸಂಬಂಧವಿರಲಿಲ್ಲ, ಮುಂದಿನ ಚಕ್ರ ಎಡಬಲ ತಿರುಗುವ ಕಿಂಗ್‌ಪಿನ್ನಿನ ಬೇರಿಂಗ್ ಸಡಿಲವಾಗಿತ್ತು. ಶಿಮ್ (ನಡುವಿನ ತೆಳು ತಗಡು) ತೆಗೆದು ಬಿಗಿ ಮಾಡಿಸಿದ್ದಕ್ಕೆ ಕೂಲಿ ಸೇರಿ ಒಂಬೈನೂರು ಆಯಿತು. ಅದನ್ನು ಶಾಕಿನ ಖಾತೆಗೆ ಸೇರಿಸಿಲ್ಲ.