ಐಸ್‌ಲ್ಯಾಂಡ್ ರಿಂಗ್ ರೋಡ್: ನಾನು ಪ್ಲಾನ್ ಮಾಡಿದ ಬಗೆ

ಮ್ಯಾಪಿನಲ್ಲಿ ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. ಐಸ್‌ಲ್ಯಾಂಡ್ ದ್ವೀಪವನ್ನು ಸುತ್ತು ಹಾಕುವ ಒಂದನೇ ನಂಬರ್ ರಸ್ತೆ 1,322 ಕಿಲೋಮೀಟರ್. ಹೆಚ್ಚುಕಮ್ಮಿ ಬೆಂಗಳೂರಿಂದ ಬೀದರ್‌ಗೆ ಹೋಗಿ ಬಂದಷ್ಟು. ಆರು ದಿನ ಸಾಕು ಅಂದುಕೊಂಡು ಎಕ್ಸೆಲ್ ಶೀಟ್ ಮಾಡಿದೆ. ಪ್ರತಿ ಜಲಪಾತಕ್ಕೆ ಇಪ್ಪತ್ತು ನಿಮಿಷ, ಊಟಕ್ಕೆ ಅರ್ಧ ಗಂಟೆ. ನಮ್ಮನೆಯವರು ಅದನ್ನು ನೋಡಿ, "ಇದರಲ್ಲಿ ನಿದ್ದೆ ಯಾವ ಕಾಲಮ್‌ನಲ್ಲಿದೆ?" ಅಂದರು.

ಹೋಗುವವರು ಮೂರು ಜನ. ಅವರು, ನಾನು, ಮತ್ತು ಮೊಣಕಾಲು ನೋವಿರುವ ನನ್ನಮ್ಮ. ಕಾರು ಓಡಿಸುವುದು ನಾನೊಬ್ಬಳೇ. ಹಾಗಾಗಿ ಆ ಶೀಟ್ ಅಳಿಸಿ ಮೊದಲಿಂದ ಶುರು ಮಾಡಿದೆ. ದಿನಕ್ಕೆ 250 ಕಿಲೋಮೀಟರ್ ದಾಟಬಾರದು. ಫೋನು ಮೂರು ಗಂಟೆ ಅಂದರೆ ನಾನು ಐದು ಅಂತ ಬರೆದುಕೊಳ್ಳುವುದು. ಡಾಂಬರು ರಸ್ತೆಯಲ್ಲಿ 90, ಜಲ್ಲಿ ರಸ್ತೆಯಲ್ಲಿ 80 ಮೀರುವಂತಿಲ್ಲ. ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳಿವೆ, ಎದುರಿನವರು ದಾಟುವವರೆಗೆ ಕಾಯಬೇಕು. ಜೊತೆಗೆ ಕುರಿಗಳು. ತಾಯಿ ಕುರಿ ರಸ್ತೆಯ ಈಚೆ, ಮರಿ ಆಚೆ ಇದ್ದರೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹೋಗಬೇಕು, ಯಾವುದೋ ಒಂದು ಅಡ್ಡ ಓಡಿಯೇ ಓಡುತ್ತದೆ. ಆರು ದಿನ ಹೋಗಿ ಒಂಬತ್ತು ರಾತ್ರಿ ಆಯಿತು. ಹೋಪ್ನ್, ಮೀವತ್ನ್ ಕಡೆ ರೂಮುಗಳು ಕಡಿಮೆ. ಜೂನ್ ಪ್ರವಾಸಕ್ಕೆ ಜನವರಿಯಲ್ಲೇ ಬುಕ್ ಮಾಡಿದೆ.

ಯಾವ ದಿಕ್ಕಿನಲ್ಲಿ ಸುತ್ತಬೇಕು ಅನ್ನುವುದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಗಡಿಯಾರಕ್ಕೆ ವಿರುದ್ಧವಾಗಿ ಹೊರಟರೆ ಸಮುದ್ರ ಸದಾ ನಮ್ಮ ಬಲಗಡೆಗೇ ಇರುತ್ತದೆ. ಎದುರು ಬರುವ ಗಾಡಿಗಳನ್ನು ದಾಟದೆ ಸಮುದ್ರದ ಕಡೆಯ ಜಾಗದಲ್ಲಿ ನಿಲ್ಲಿಸಬಹುದು. ಶ್ರೀಲಂಕಾದಂಥ ಎಡಗಡೆ ಓಡಿಸುವ ದ್ವೀಪಕ್ಕೆ ಇದೇ ಲೆಕ್ಕ ಉಲ್ಟಾ. ಜಲಪಾತಗಳು ಮಾತ್ರ ಬೆಟ್ಟದ ಕಡೆ ಇವೆ, ಅದಕ್ಕೆ ಎಡಕ್ಕೆ ತಿರುಗಲೇಬೇಕು. ಎಲ್ಲವೂ ನಮ್ಮ ಅನುಕೂಲಕ್ಕೆ ಸಿಗುತ್ತದೆಯೇ?

ಕಾರು ಆಟೋಮ್ಯಾಟಿಕ್ ತೆಗೆದುಕೊಂಡೆ. ಬಲಗಡೆ ಓಡಿಸುವುದು ಒಂದು ಗಂಟೆಯಲ್ಲಿ ಒಗ್ಗಿತು. ಆದರೆ ಇಂಡಿಕೇಟರ್ ಎಡಗೈಗೆ, ವೈಪರ್ ಬಲಗೈಗೆ. ಮೊದಲ ಎರಡು ದಿನ ಪ್ರತಿ ತಿರುವಿನಲ್ಲೂ ಒಣ ಗಾಜಿನ ಮೇಲೆ ವೈಪರ್ ಓಡಿತು. ಒಳನಾಡಿನ 'ಎಫ್' ರಸ್ತೆಗಳಿಗೆ ಫೋರ್ ವೀಲ್ ಡ್ರೈವ್ ಗಾಡಿಯೇ ಆಗಬೇಕು. ನಾವು ಆ ಕಡೆ ಹೋಗಲಿಲ್ಲ, ಮಾಮೂಲಿ ಕಾರು ಸಾಕಾಯಿತು. ಇನ್ಶೂರೆನ್ಸ್‌ನಲ್ಲಿ ಜಲ್ಲಿಗೆ ಒಂದು, ಮರಳು ಮತ್ತು ಬೂದಿಗೆ ಒಂದು ಬೇರೆ ಬೇರೆ ಇತ್ತು. ಎರಡನ್ನೂ ತೆಗೆದುಕೊಂಡೆ. ಗಾಳಿಗೆ ಬಾಗಿಲು ಕಿತ್ತರೆ ಮಾತ್ರ ಯಾವುದರಲ್ಲೂ ದುಡ್ಡು ಬರುವುದಿಲ್ಲ ಅಂತ ಕೌಂಟರಿನಲ್ಲಿದ್ದ ಹುಡುಗ ಎರಡು ಸಲ ಹೇಳಿದ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಬಾಗಿಲಿನ ಅಂಚು ಹಿಡಿದು ನಿಧಾನಕ್ಕೆ ತೆಗೆಯುವುದನ್ನು ತೋರಿಸಿಕೊಟ್ಟ. ಅಮ್ಮನ ಬಾಗಿಲನ್ನು ಪ್ರವಾಸ ಪೂರ್ತಿ ನಮ್ಮನೆಯವರೇ ಇಳಿದು ಬಂದು ತೆಗೆದರು.

ಊಟದ ಚಿಂತೆ ಅಮ್ಮನದು. ಅಡುಗೆಮನೆ ಇರುವ ಗೆಸ್ಟ್‌ಹೌಸ್‌ಗಳನ್ನೇ ಹುಡುಕಿದೆ. ಪುಟ್ಟ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಸೂಟ್‌ಕೇಸಿನಲ್ಲಿ ಬಂದವು. ಗುಲಾಬಿ ಹಂದಿಯ ಬೋರ್ಡಿನ ಬೋನಸ್ ಅಂಗಡಿಯಲ್ಲಿ ಅಕ್ಕಿ, ತರಕಾರಿ, ಸ್ಕೀರ್. ಈ ಸ್ಕೀರ್ ನಮ್ಮ ಕಟ್ಟು ಮೊಸರಿನ ಹಾಗೆ ಗಟ್ಟಿ. ಅಮ್ಮ ಅದಕ್ಕೆ ಹಾಲು ಹಾಕಿ ಕಲಸಿ ಮೊಸರನ್ನ ಮಾಡಿ, "ಹುಳಿ ಸಾಲದು, ಆದ್ರೂ ನಡೆಯತ್ತೆ" ಅಂತ ಪಾಸ್ ಮಾಡಿದರು. ಮೊದಲ ಬೆಳಗ್ಗೆ ಸ್ನಾನಕ್ಕೆ ಹೋದವರು ಹಾಗೇ ವಾಪಸ್ ಬಂದಿದ್ದರು. "ಏನೇ ಇದು, ಬಚ್ಚಲಲ್ಲಿ ಮೊಟ್ಟೆ ಬೇಯಿಸಿದ ವಾಸನೆ?" ಅಲ್ಲಿ ಬಿಸಿನೀರು ಭೂಮಿಯೊಳಗಿನ ಶಾಖದಿಂದ ಬರುತ್ತದೆ, ಜೊತೆಗೆ ಗಂಧಕದ ವಾಸನೆಯೂ ಬರುತ್ತದೆ. ತಣ್ಣೀರಿಗೆ ಆ ವಾಸನೆ ಇಲ್ಲ. ಬಾಟಲಿ ನೀರಿಗೆ ಒಂದು ರೂಪಾಯಿ ಖರ್ಚು ಮಾಡಲಿಲ್ಲ.

ಜೂನ್‌ನಲ್ಲಿ ಕತ್ತಲಾಗುವುದಿಲ್ಲ ಅನ್ನುವುದನ್ನು ಲಾಭ ಅಂದುಕೊಂಡಿದ್ದೆ. ಎರಡನೇ ದಿನ ಸ್ಕೋಗಾಫಾಸ್ ಜಲಪಾತದ ಮುಂದೆ ನಿಂತವಳಿಗೆ ಗಂಟೆ ಹೊತ್ತು ಆಗಿದ್ದೇ ತಿಳಿಯಲಿಲ್ಲ. 60 ಮೀಟರ್ ಎತ್ತರದಿಂದ ಬೀಳುವ ನೀರಿನ ತುಂತುರಿಗೆ ಜಾಕೆಟ್ ಒದ್ದೆಯಾಗಿ ಕಾರಿಗೆ ಬಂದು ನೋಡಿದರೆ ರಾತ್ರಿ ಹತ್ತೂವರೆ. ಬಿಸಿಲು ಇದ್ದೇ ಇದೆ! ಮೈ ಮಾತ್ರ ಸೋತು ಹೋಗಿತ್ತು. ಆಮೇಲೆ ಸಂಜೆ ಏಳಕ್ಕೆ ಅಲಾರಂ ಇಟ್ಟೆ. ಅದು ಹೊಡೆದರೆ ರೂಮಿನ ದಾರಿ ಹಿಡಿಯುವುದು.

ದಕ್ಷಿಣದ ವೀಕ್ ಅನ್ನುವ ಊರು ದಾಟಿದ ಮೇಲೆ ಊರುಗಳು ವಿರಳ. ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬಾರದು. ಎಷ್ಟೋ ಬಂಕುಗಳಲ್ಲಿ ಮನುಷ್ಯರೇ ಇರುವುದಿಲ್ಲ, ಕಾರ್ಡ್ ಹಾಕಿ ಪಿನ್ ಒತ್ತಬೇಕು. ಮುಂದೆ ಸ್ಕೇದಾರಾರ್‌ಸಾಂದುರ್ ಅನ್ನುವ ಕಪ್ಪು ಮರಳಿನ ಬಯಲು. ಇಲ್ಲಿ ಹರಿಯುವ ನದಿಗಳಿಗೆ ಸೇತುವೆ ಕಟ್ಟಿ ಮುಗಿಸಿದ್ದು 1974ರಲ್ಲಿ. ರಿಂಗ್ ರೋಡ್ ಪೂರ್ತಿಯಾದದ್ದೂ ಆಗಲೇ. 1996ರಲ್ಲಿ ಹಿಮನದಿಯ ಅಡಿಯಲ್ಲಿ ಜ್ವಾಲಾಮುಖಿ ಎದ್ದು, ಕರಗಿದ ನೀರು ಒಮ್ಮೆಲೇ ನುಗ್ಗಿ ಸೇತುವೆ ಕಿತ್ತುಕೊಂಡು ಹೋಯಿತು. ಅದರ ತಿರುಚಿದ ಉಕ್ಕಿನ ತೊಲೆಗಳನ್ನು ರಸ್ತೆ ಪಕ್ಕ ಹಾಗೇ ಇಟ್ಟಿದ್ದಾರೆ. ಒದ್ದೆ ಬಟ್ಟೆ ಹಿಂಡಿಟ್ಟ ಹಾಗಿವೆ.

ಹೋಪ್ನ್‌ನಲ್ಲಿ ಎರಡು ರಾತ್ರಿ ಬುಕ್ ಮಾಡಿ, ಮಧ್ಯದ ದಿನವನ್ನು ಖಾಲಿ ಬಿಟ್ಟಿದ್ದೆ. ಅವತ್ತು ಹಿಮದ ತುಂಡುಗಳು ತೇಲುವ ಯೋಕುಲ್ಸಾರ್ಲೋನ್‌ಗೆ ಇನ್ನೊಂದು ಸಲ, ಸುಮ್ನೆ ಹೋಗಿ ಕೂರೋಣ ಅಂತ ಮನಸ್ಸಿತ್ತು. ಆಗಲಿಲ್ಲ. ಹಿಂದಿನ ರಾತ್ರಿಯೇ ಹವಾಮಾನದ ಆಪ್‌ನಲ್ಲಿ ಹಳದಿ ಎಚ್ಚರಿಕೆ ಬಂತು, ಗಾಳಿ 24. ನಮ್ಮನೆಯವರು "24 ತಾನೇ" ಅಂದರು. ಅಲ್ಲಿ ಗಾಳಿಯನ್ನು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ, 3.6ರಿಂದ ಗುಣಿಸಬೇಕು. ಗಂಟೆಗೆ 86 ಕಿಲೋಮೀಟರ್! ನಾವು ಮುಂದೆ ಹೋಗಬೇಕಿದ್ದ ಹ್ವಾಲ್‌ನೆಸ್ ಹತ್ತಿರ ಒಂದು ಕಡೆ ಜಾರುವ ಕಲ್ಲಿನ ಬೆಟ್ಟ, ಇನ್ನೊಂದು ಕಡೆ ಸಮುದ್ರ. ಅವತ್ತೇ ದಾಟಲೇಬೇಕಾಗಿದ್ದರೆ ಆ ಗಾಳಿಯಲ್ಲೂ ಹೊರಡುತ್ತಿದ್ದೆನೋ ಏನೋ. ಇಡೀ ದಿನ ಕಿಟಕಿ ಪಕ್ಕ ಕೂತು ಇಸ್ಪೀಟು ಆಡಿದೆವು. ದೊಡ್ಡ ಸೀಗಡಿಗೆ ಹೆಸರಾದ ಊರಿನಲ್ಲಿ ಕೂತು ಪುಳಿಯೋಗರೆ ತಿಂದೆವು.

ಮಾರನೇ ದಿನ ಗಾಳಿ ತಗ್ಗಿತು. ಹೊರಡುವ ಮೊದಲು ರಸ್ತೆ ಇಲಾಖೆಯ ಉಮ್‌ಫೆರ್ಡಿನ್ ತಾಣದಲ್ಲಿ ನೋಡಿ, ದಾರಿ ಹಸಿರು ಇದ್ದ ಮೇಲೆಯೇ ಕಾರು ತೆಗೆದೆ. ಪೂರ್ವದ ಕಡಲತೋಳುಗಳ ಅಂಚಿನಲ್ಲಿ ಸುತ್ತಿ ಸುತ್ತಿ ಎಗಿಲ್ಸ್‌ಸ್ಟಾದಿರ್ ಸೇರುವಾಗ ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ. ಉತ್ತರದಲ್ಲಿ ಮೀವತ್ನ್ ಸರೋವರದ ಬಳಿ ಎರಡು ರಾತ್ರಿ, ಆಕುರೇರಿಯಲ್ಲಿ ಒಂದು. ಆಕುರೇರಿಗೆ ಮುಂಚಿನ ಸುರಂಗಕ್ಕೆ ಟೋಲ್ ಇದೆ, ಆದರೆ ಟೋಲ್ ಗೇಟ್ ಇಲ್ಲ, ಆನ್‌ಲೈನ್‌ನಲ್ಲೇ ಕಟ್ಟಬೇಕು. ನಮಗೆ ನೆನಪಾದದ್ದು ರಾತ್ರಿ ಊಟಕ್ಕೆ ಕೂತಾಗ.

ಕೊನೆಗೆ ಕಾರು ವಾಪಸ್ ಕೊಡುವಾಗ ಅಲ್ಲಿದ್ದವನು ಟೈರ್ ನೋಡಲಿಲ್ಲ, ಗಾಜು ನೋಡಲಿಲ್ಲ. ಮೊದಲು ನಾಲ್ಕೂ ಬಾಗಿಲು ಒಂದೊಂದಾಗಿ ತೆಗೆದು ಮುಚ್ಚಿದ. ಅಮ್ಮ ಪಕ್ಕದಲ್ಲಿ ನಿಂತು ಕನ್ನಡದಲ್ಲೇ ಹೇಳಿದರು, "ನಾನು ಮುಟ್ಟೇ ಇಲ್ಲಪ್ಪ."