ಪಲ್ಪರ್ ಮನೆಯ ಜಗಳ: ತೀರ್ಪು ಕೊಡದೆ ಕೇಳಿಸಿಕೊಂಡ ಬಗೆ

ಆಲ್ದೂರಿನ ಸಮೀಪದ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಹಾಜರಿ, ಹಣ್ಣಿನ ತೂಕ, ಬಟವಾಡೆ ನನ್ನ ಕೆಲಸ. ಅರೇಬಿಕಾ ಕೊಯ್ಲು ಬಿರುಸಾದಾಗ ಜಗಳ ಬಿಡಿಸುವುದೂ ನನ್ನ ಪಾಲಿಗೇ ಬರುತ್ತದೆ.

ಕಳೆದ ಕೊಯ್ಲಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನೋಡಿಕೊಳ್ಳುವವರು ಬಂದು, "ಮೇಸ್ತ್ರಿಗೆ ಕೆಲಸದ ಮೇಲೆ ನಿಗಾ ಇಲ್ಲ ಸಾರ್, ಯಾವಾಗಲೂ ಕಾಯಿ ಬೆರೆಸಿಯೇ ಕಳಿಸುತ್ತಾರೆ" ಎಂದರು. ಮೇಸ್ತ್ರಿಯ ಮಾತು ಇನ್ನೂ ಖಾರ: "ಯಂತ್ರ ಹೊಂದಿಸಲು ಬಾರದವರು ನನ್ನ ಆಳುಗಳನ್ನು ದೂರುತ್ತಾರೆ." ಎರಡೂ ನಿಜವಿರಬಹುದು. ಹಸಿರು ಕಾಯಿಯ ಸಿಪ್ಪೆ ಪಲ್ಪರಿನಲ್ಲಿ ಸರಿಯಾಗಿ ಬಿಡುವುದಿಲ್ಲ, ಬೀಜಕ್ಕೆ ಪೆಟ್ಟಾಗುತ್ತದೆ. ಯಂತ್ರದ ಅಂತರ ಬಿಗಿಯಾದರೂ ಬೀಜ ಕತ್ತರಿಸುತ್ತದೆ. ಒಡೆದ ಬೀಜ ನೋಡಿ ತಪ್ಪು ಯಾರದೆಂದು ನಿಂತ ಕಾಲಿನಲ್ಲಿ ಹೇಳಲಾಗದು.

ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡೆ. ಆಳುಗಳ ಎದುರಿಗೆ ನಿಲ್ಲಿಸಿದರೆ ಕಾಯಿಯ ಮಾತು ಹೋಗಿ ಮರ್ಯಾದೆಯ ಮಾತಾಗುತ್ತದೆ. ಅವರು ಕಣ್ಣಾರೆ ಕಂಡದ್ದನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಂಡೆ. 'ನಿಗಾ ಇಲ್ಲ' ಎಂಬುದನ್ನು ಬರೆಯಲಿಲ್ಲ. ಯಾವ ದಿನ, ಯಾವ ಬ್ಲಾಕಿನ ಹಣ್ಣು, ಬೆಳಗಿನದೋ ಸಂಜೆಯದೋ ಎಂದು ಕೇಳುತ್ತಾ ಹೋದೆ. 'ಯಾವಾಗಲೂ' ಎಂದದ್ದು ಕೊನೆಗೆ ಸಂಜೆಯ ಕಡೆಯ ಲೋಡಿಗೆ ಬಂದು ನಿಂತಿತು. ಬರೆದದ್ದನ್ನು ಓದಿ, "ನೀವು ಹೇಳಿದ್ದು ಇದೇ ತಾನೆ?" ಎಂದೆ. ತಮ್ಮ ಮಾತು ಬಣ್ಣ ಬಳಿಯದೆ ಹಿಂದಕ್ಕೆ ಬಂದಾಗ ಜನ ದನಿ ತಗ್ಗಿಸುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ 1960ರ ದಶಕದಿಂದ ರೂಪಿಸಿದ ಅಹಿಂಸಾತ್ಮಕ ಸಂವಹನದಲ್ಲಿ ಕಂಡದ್ದು, ಅನಿಸಿದ್ದು, ಬೇಕಾದದ್ದು, ಕೋರಿಕೆ ಎಂದು ನಾಲ್ಕು ಹಂತಗಳಿವೆ. ನಾನು ನೆಚ್ಚಿಕೊಂಡಿರುವುದು ಮೊದಲನೆಯದನ್ನು ಮತ್ತು ಮೂರನೆಯದನ್ನು. "ನಿಮಗೆ ಏನನಿಸಿತು?" ಎಂದರೆ ನಮ್ಮ ತೋಟದ ಗಂಡಸರು ಸುಮ್ಮನಾಗುತ್ತಾರೆ. "ಕೆಲಸ ಸಲೀಸಾಗಲು ಏನು ಬೇಕು?" ಎಂದರೆ ಮಾತು ಹೊರಡುತ್ತದೆ.

ಹಾಗೆಯೇ ಹೊರಟಿತು. ಬೀಜ ಒಡೆದರೆ ಸಾಹುಕಾರರು ಮೊದಲು ಕೇಳುವುದು ಪಲ್ಪರ್‌ನವರನ್ನು. ಮೇಸ್ತ್ರಿಯ ಆಳುಗಳು ಕೆ.ಜಿ. ಲೆಕ್ಕದಲ್ಲಿ ಕೊಯ್ಯುವವರು, ಕತ್ತಲಾಗುವ ತನಕ ಕೊಯ್ದರೆ ನಾಲ್ಕು ಕಾಸು ಹೆಚ್ಚು. ಟಾರ್ಪಾಲಿನ ಮೇಲೆ ಹಣ್ಣು ಹರಡಿ ಕಾಯಿ ಆರಿಸುವ ಹೊತ್ತಿಗೆ ಬೆಳಕೇ ಇರುತ್ತಿರಲಿಲ್ಲ! ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಕೊಯ್ಲನ್ನು ಅರ್ಧ ಗಂಟೆ ಮೊದಲೇ ನಿಲ್ಲಿಸಿ, ಆರಿಸುವ ಹೊತ್ತಿಗೆ ಬೇರೆ ಕೂಲಿ ಕೊಡಿ ಎಂಬ ಸಲಹೆ ಬಂದದ್ದು ಮೇಸ್ತ್ರಿಯಿಂದಲೇ. ಸಾಹುಕಾರರು ಒಪ್ಪಿದರು. ದಿನವೂ ಸ್ವಲ್ಪ ಹಣ್ಣು ಹಾಕಿ ಯಂತ್ರ ಪರೀಕ್ಷಿಸುವುದಕ್ಕೆ ಪಲ್ಪರ್‌ನವರೂ ಒಪ್ಪಿದರು.

ಎಲ್ಲ ದೂರನ್ನೂ ನಾನು ಹೀಗೆ ಕೂರಿಸಿ ಬಗೆಹರಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾಗಿದ್ದರೆ ಅದು ಆಂತರಿಕ ಸಮಿತಿಗೆ ಹೋಗಬೇಕು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ 2013ರ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ರಾಜಿ ಮಾತು ಆಕೆ ತಾನಾಗಿ ಕೇಳಿದರೆ ಮಾತ್ರ. ಜಾತಿ ಎತ್ತಿ ಬೈದದ್ದನ್ನೂ ನಾನು 'ಎರಡೂ ಕಡೆಯ ಮಾತು' ಎಂದು ತೂಗುವುದಿಲ್ಲ.

ಪಲ್ಪರ್‌ನವರಿಗೂ ಮೇಸ್ತ್ರಿಗೂ ಈಗಲೂ ಅಂಥ ಸ್ನೇಹವೇನಿಲ್ಲ. ಕಾಯಿ ಹೆಚ್ಚಿದ್ದ ದಿನ ಫೋನ್ ಮಾಡಿ ಬ್ಲಾಕಿನ ಹೆಸರು ಹೇಳುತ್ತಾರೆ, ಮೇಸ್ತ್ರಿ ಆ ಸಾಲಿನವರ ಬಳಿ ಹೋಗಿ ನೋಡಿ ಬರುತ್ತಾರೆ.